ಯುಸ್ತೀನಾಳನ್ನು ಬರೆದುಕೊಂಡ ದಿನ

ಮಲ್ಲವಿ
ಬುಧವಾರ, ನವೆಂಬರ್ ೧೪, ೨೦೧೮

ಡಾಕ್ಟರ್ ವಗ್ದಿ ನಸೀಫ್ ಅವರಿಗೆ,

ಇಲ್ಲಿ ಮನೆಯವರೆಲ್ಲ ಆರೋಗ್ಯವಾಗಿದ್ದೇವೆ. ನೀವೂ ಆರೋಗ್ಯವಾಗಿದ್ದೀರಿ ಎಂಬುದು ಭಾನುವಾರ ಫೋನಿನಲ್ಲಿ ನಿಮ್ಮ ದನಿಯಿಂದಲೇ ತಿಳಿಯಿತು. ಹಾಗಾಗಿ ಆ ಭಾಗ ಇಷ್ಟಕ್ಕೇ ಸಾಕು.

ನೀವು "ಹೇಗಿದ್ದೀಯಾ ಇರೀನಿ" ಎಂದು ಕೇಳಿ, ನಾನು ಬಾಯಿ ತೆರೆಯುವ ಮೊದಲೇ ವಿಷಯಕ್ಕೆ ಬಂದಿರಿ. ಹಳೆಯ ಅಭ್ಯಾಸ, ಬಿಟ್ಟಿಲ್ಲ ನೋಡಿ. ಮಕ್ಕಳ ಬೆಳವಣಿಗೆಯ ಬಗ್ಗೆ ನೀವು ನಡೆಸುವ ಅಧ್ಯಯನದಲ್ಲಿ ಮಲ್ಲವಿಯ ಒಂದು ಮಗು ತಪ್ಪಿ ಸೇರಿಕೊಂಡಿದೆ ಎಂದಿರಿ. "ಒಂದು ಮಗು" ಎಂದೇ ಅಂದಿರಿ. ಯುಸ್ತೀನಾ ಎಂಬ ಹೆಸರು ನಿಮ್ಮ ನಾಲಿಗೆಗೆ ಬರಲಿಲ್ಲ. "ಇದೊಂದು ತಾಂತ್ರಿಕ ವಿಷಯ ಅಷ್ಟೇ. ಅಧ್ಯಯನ ನಡೆಸೋರ ಸಂಬಂಧಿಕರು ಲೆಕ್ಕದಲ್ಲಿ ಇರಬಾರದು. ಕೊಟ್ಟ ಒಪ್ಪಿಗೆ ವಾಪಸ್ ತಗೊಂಡಿದೀನಿ ಅಂತ ಎರಡು ಸಾಲು ಬರೆದು ಕಳಿಸು, ಮುಗೀತು," ಎಂದಿರಿ. ಆಮೇಲೆ ನನ್ನನ್ನು ಸಮಾಧಾನಪಡಿಸುವವರ ಹಾಗೆ, "ಅಷ್ಟು ಸಾವಿರ ಮಕ್ಕಳ ಮಧ್ಯೆ ಒಂದು ಮಗುವಿಂದ ಏನೂ ಬದಲಾಗಲ್ಲ" ಎಂದೂ ಸೇರಿಸಿದಿರಿ. ಬದಲಾಗುವುದಿಲ್ಲ ಎಂದಮೇಲೆ ತೆಗೆಯುವುದೇಕೆ ಎಂದು ಕೇಳಬೇಕೆಂದಿದ್ದೆ. ಕೇಳಲಿಲ್ಲ. ಫೋನಿನಲ್ಲಿ ನನ್ನ ದನಿ ಏರಿದ ಕೂಡಲೇ "ನೀನು ಈಗ ಸುಸ್ತಾಗಿದ್ದೀಯಾ" ಎಂದು ಇಟ್ಟುಬಿಡುವುದು ನಿಮಗೆ ಕರಗತ. ಕಾಗದಕ್ಕೆ ಹಾಗೆ ಹೇಳಲಾಗುವುದಿಲ್ಲ. ಬರೆದು ಕಳಿಸುತ್ತೇನೆ ಎಂದೆ. ನೀವು ಥ್ಯಾಂಕ್ಸ್ ಹೇಳಿದಿರಿ. ಇದೇ ಆ ಬರಹ. ಎರಡು ಸಾಲು ಈಗಾಗಲೇ ದಾಟಿದೆ, ಕ್ಷಮಿಸಬೇಡಿ.

ಏನು ನಡೆಯಿತು ಎಂದು ನೀವು ಕೇಳಲಿಲ್ಲವಾದ್ದರಿಂದ ನಾನೇ ಹೇಳುತ್ತೇನೆ.

ಅಕ್ಟೋಬರಿನಲ್ಲಿ ನಿಮ್ಮ ಜನ ನಮ್ಮ ಬೀದಿಗೆ ಬಂದರು. ಐದು ವರ್ಷದೊಳಗಿನ ಮಕ್ಕಳಿರುವ ಮನೆಗಳಲ್ಲಿ ಚೀಟಿ ಎತ್ತಿ ಕೆಲವನ್ನು ಆರಿಸಿದರಂತೆ. ನಮ್ಮ ಮನೆಯೂ ಬಂತು. ಚೀಟಿಗೆ ನೀವು ಯಾರೆಂದು ಗೊತ್ತಿರಲಿಲ್ಲ, ಪಾಪ. ಬಂದವಳು ನೆಸ್ಮಾ ಎಂಬ ಹುಡುಗಿ, ಅಸ್ಯೂತಿನವಳು. ಬೆನ್ನಿಗೆ ನಿಮ್ಮ ಕೇಂದ್ರದ ನೀಲಿ ಚೀಲ, ಕೈಯಲ್ಲಿ ಟ್ಯಾಬ್. ಆ ಹೊತ್ತಿಗೆ ನಾನು ಶಾಲೆಯಲ್ಲಿ ಮೂರನೇ ತರಗತಿಗೆ ಮಗ್ಗಿ ಹೇಳಿಸುತ್ತಿದ್ದೆ. ಮನೆಯಲ್ಲಿ ಹಿರಿಯರೊಬ್ಬರಿದ್ದಾರೆ, ನಾನಿಲ್ಲದಾಗ ಯುಸ್ತೀನಾಳನ್ನು ನೋಡಿಕೊಳ್ಳುವುದು ಅವರೇ. ಅವರು ನೆಸ್ಮಾಳನ್ನು ಒಳಗೆ ಕರೆದು, ಟೀ ಕೊಟ್ಟು, ಅವಳು ಹೇಳಿದ್ದನ್ನೆಲ್ಲ ಕೇಳಿ, ಆಗಲಿ ಎಂದಿದ್ದಾರೆ. ಆ ಹಿರಿಯರು ಯಾರು ಎಂದು ನೀವು ಫೋನಿನಲ್ಲಿ ಕೇಳಲಿಲ್ಲ. ಮಕ್ಕಳ ಮೂಗು ಒರೆಸುವವರು ಯಾರು, ಬಟ್ಟೆ ಬದಲಿಸುವವರು ಯಾರು ಎಂದು ನೀವು ಎಂದೂ ಕೇಳಿದವರಲ್ಲ. ಮಕ್ಕಳು ನಿಮ್ಮ ಮುಂದೆ ತೊಳೆದಿಟ್ಟ ತಟ್ಟೆಗಳ ಹಾಗೆ ತಾವಾಗಿಯೇ ಬಂದು ಕೂರುತ್ತಾರೆ ಎಂದುಕೊಂಡವರು.

ನಾನು ಬಿಸಿ ರೊಟ್ಟಿ, ತಮೀಯ ವಡೆ ಕಟ್ಟಿಸಿಕೊಂಡು ಮನೆಗೆ ಬಂದಾಗ ಪರೀಕ್ಷೆ ಅರ್ಧ ಮುಗಿದಿತ್ತು. ಚಾಪೆಯ ಮೇಲೆ ಮರದ ಘನಗಳು, ಗಂಟೆ, ಲೋಟ, ಚಿತ್ರದ ಪುಸ್ತಕ, ಕೆಂಪು ಫ್ರಾಕಿನ ಗೊಂಬೆ. ಆ ಗೊಂಬೆಯನ್ನು ನೋಡಿದ ಕೂಡಲೇ ಗುರುತು ಹಿಡಿದೆ. ನಮ್ಮ ಮದುವೆಯಾದ ಹೊಸತರಲ್ಲಿ, ಕೈರೋದ ಶುಬ್ರಾದ ಮನೆಯಲ್ಲಿ, ನೀವು ಅಕ್ಕಪಕ್ಕದ ಮಕ್ಕಳನ್ನು ಕರೆಸಿ ಅಂಥದೇ ಗೊಂಬೆ ಕೊಟ್ಟು ಆಡಿಸುತ್ತಿದ್ದಿರಿ, ಗಡಿಯಾರ ಹಿಡಿದು. ನಾನು ಬಿಸ್ಕತ್ತು ಹಂಚುತ್ತಿದ್ದೆ. ಒಂದು ಮಗು ಗೊಂಬೆಯ ತಲೆ ಕಿತ್ತು ಕೈಗೆ ಕೊಟ್ಟಾಗ ಸಿಟ್ಟಾಗದೆ, "ಇದೂ ಒಂದು ಉತ್ತರ" ಎಂದು ನಕ್ಕಿದ್ದಿರಿ. ಎಷ್ಟು ಒಳ್ಳೆಯ ತಂದೆಯಾಗುತ್ತೀರೋ ಎಂದು ಅಡುಗೆಮನೆಯಲ್ಲಿ ನಿಂತು ಯೋಚಿಸಿದ್ದೆ. ನನ್ನ ಬುದ್ಧಿಯನ್ನು ಅಳೆಯುವ ಪೆಟ್ಟಿಗೆ ಆಗ ಯಾರೂ ತಂದಿರಲಿಲ್ಲ.

ಯುಸ್ತೀನಾ ಹೇಗೆ ಮಾಡಿದಳು ಎಂದು ಅಂಕಿಗಳಲ್ಲಿ ನಿಮಗೆ ಗೊತ್ತಿದೆ. ನಾನು ಕಂಡದ್ದನ್ನು ಹೇಳುತ್ತೇನೆ. ನೆಸ್ಮಾ ಘನಗಳನ್ನು ಒಂದರ ಮೇಲೊಂದಿಟ್ಟು ಗೋಪುರ ಕಟ್ಟಿ, "ಈಗ ನೀನು ಕಟ್ಟು ನೋಡೋಣ ಪುಟ್ಟಿ" ಎಂದಳು. ಯುಸ್ತೀನಾ ಒಂದು ಘನ ಎತ್ತಿಕೊಂಡು ನೆಸ್ಮಾಳ ಟೀ ಗ್ಲಾಸಿಗೆ ಹಾಕಿದಳು. ಇನ್ನೊಂದನ್ನು ಹಿರಿಯರ ಕೈಗೆ ಕೊಟ್ಟಳು. ಮೂರನೆಯದನ್ನು ನೆಕ್ಕಿ ನೋಡಿ ಇಟ್ಟಳು. ಪುಸ್ತಕದಲ್ಲಿ ಬೆಕ್ಕು ಎಲ್ಲಿ ಎಂದು ಕೇಳಿದರೆ ಪುಟವನ್ನೇ ಮುಚ್ಚಿ ಅಟ್ಟದ ಮೆಟ್ಟಿಲ ಕಡೆ ಹೊರಟಳು. ನಮ್ಮ ಬೆಕ್ಕು ಮಲಗುವುದು ಅಲ್ಲಿ. ಗೊಂಬೆಗೆ ಊಟ ಮಾಡಿಸು ಎಂದಾಗ ಚಮಚವನ್ನು ಮುಟ್ಟಲೂ ಇಲ್ಲ. ತನ್ನ ಗಲಬೀಯಾ ನಿಲುವಂಗಿಯ ಅಂಚಿನಿಂದ ಅದರ ಮೂಗು ಒರೆಸಿದಳು. ಅದಕ್ಕೆ ನಿಮ್ಮಲ್ಲಿ ಅಂಕ ಇಲ್ಲವಂತೆ. ನೆಸ್ಮಾ ಪಾಪ ಮುಖ ಸಣ್ಣಗೆ ಮಾಡಿಕೊಂಡು ಹೇಳಿದಳು.

ತಪ್ಪು ತಿಳಿಯಬೇಡಿ. ನನ್ನ ಮಗಳೊಳಗೆ ಯಾರಿಗೂ ಕಾಣದ ಜಾಣತನ ಅಡಗಿದೆ, ನಿಮ್ಮ ಪರೀಕ್ಷೆ ಅದನ್ನು ಕಾಣಲಿಲ್ಲ ಎಂದು ದೂರು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಪರೀಕ್ಷೆ ಸರಿಯಾಗಿಯೇ ಇತ್ತು, ಹುಡುಗಿ ಅದನ್ನು ತಾಳ್ಮೆಯಿಂದ ಮಾಡಿದಳು. ಡೌನ್ ಸಿಂಡ್ರೋಮ್ ಇರುವ ನಾಲ್ಕು ವರ್ಷದ ಮಗು ಯುಸ್ತೀನಾ. ಬಹುಪಾಲು ಪ್ರಶ್ನೆಗಳಲ್ಲಿ ಅವಳು ಸೋತಳು. ಸೋತು, ಎದ್ದು, ಕುಣಿದಳು. ಮಗಳು ಜಾಣೆಯಾಗಿದ್ದರೆ ಮಾತ್ರ ಮಗಳು ಎಂಬ ಲೆಕ್ಕಾಚಾರ ನಿಮ್ಮದು, ನನ್ನದಲ್ಲ.

ಆಮೇಲೆ ಮನೆಯ ವಿವರ. ತಾಯಿಯ ಓದು, ನೀರಿನ ನಲ್ಲಿ, ಕೋಣೆಗಳು. ತಂದೆಯ ಹೆಸರು ಕೇಳಿದಳು. ಪೂರ್ತಿ ಹೇಳಿದೆ. ನೆಸ್ಮಾ ಟ್ಯಾಬಿನಲ್ಲಿ ಒತ್ತುತ್ತಾ ಒತ್ತುತ್ತಾ ನಕ್ಕಳು.

"ಅಯ್ಯೋ ಮೇಡಂ, ಇದು ನಮ್ಮ ಡಾಕ್ಟರ ಹೆಸರೇ. ಅವರ ಅಪ್ಪನ ಹೆಸರೂ ಅದೇ."

"ನಿಮ್ಮ ಡಾಕ್ಟರೇ ಕಣಮ್ಮ," ಎಂದೆ. "ಕೆಲಸ ಅನ್ನೋ ಕಡೆ ಏನು ಬರೀಬೇಕು ಅಂತ ನಿಂಗೇ ನನಗಿಂತ ಚೆನ್ನಾಗಿ ಗೊತ್ತು."

ಅವಳು ನಗುತ್ತಲೇ ಇದ್ದಳು, ತಮಾಷೆ ಎಂದುಕೊಂಡು. ಗೋಡೆಯ ಮೇಲಿನ ಮದುವೆಯ ಫೋಟೋ ತೋರಿಸಿದೆ. ಯಾಕೆ ಇನ್ನೂ ಇಟ್ಟುಕೊಂಡಿದ್ದೀಯಾ ಎಂದು ಕೇಳಬೇಡಿ. ನಮ್ಮ ಚರ್ಚು ಮದುವೆಯನ್ನು ಬಿಡಿಸುವುದಿಲ್ಲ, ಮೊಳೆಯೂ ಬಿಡುತ್ತಿಲ್ಲ. ನೆಸ್ಮಾ ಎದ್ದು ಹೋಗಿ ಫೋಟೋದ ಹತ್ತಿರ ನಿಂತಳು. ತಿರುಗಿ ಯುಸ್ತೀನಾಳನ್ನು ನೋಡಿದಳು.

"ಆದ್ರೆ ಅವರ ಮಗಳು ತೀರಿಕೊಂಡಳಲ್ಲ ಮೇಡಂ," ಎಂದಳು.

ಯಾರು ಹೇಳಿದ್ದು ಎಂದೆ. ಅವರೇ ಎಂದಳು. ಕೈರೋದಲ್ಲಿ ತರಬೇತಿಯ ಮೊದಲ ದಿನ ನೀವು ವೇದಿಕೆಗೆ ಬಂದು ಮೈಕ್ ಹಿಡಿದಿರಂತೆ. ಆಮೇಲೆ ತಗ್ಗಿದ ದನಿಯಲ್ಲಿ, ನನಗೂ ಒಬ್ಬಳು ಮಗಳಿದ್ದಳು, ಒಂದು ವಾರವೂ ಬದುಕಲಿಲ್ಲ, ಅವಳಿಗೆ ನಾನೇನೂ ಮಾಡಲಾಗಲಿಲ್ಲ, ಆದ್ದರಿಂದ ಈ ಮಕ್ಕಳಿಗಾಗಿ ಬದುಕುತ್ತಿದ್ದೇನೆ ಎಂದಿರಂತೆ. ಹುಡುಗಿಯರೆಲ್ಲ ಅತ್ತರಂತೆ. ಪ್ರತಿ ತರಬೇತಿಯಲ್ಲೂ ಹೇಳುತ್ತೀರಂತೆ. ಹಿಂದಿನ ಸಲ ಬಂದವರೂ ಅದನ್ನೇ ಕೇಳಿದ್ದರಂತೆ, ಅವರೂ ಅತ್ತಿದ್ದರಂತೆ. "ನಾನು ಅವತ್ತು ರಾತ್ರಿ ಅವಳಿಗೋಸ್ಕರ ಫಾತಿಹಾ ಓದಿದ್ದೆ," ಎಂದಳು ನೆಸ್ಮಾ. ಅವಳು ಯಾರಿಗಾಗಿ ಪ್ರಾರ್ಥನೆ ಹೇಳಿದ್ದಳೋ ಆ ಸತ್ತ ಕೂಸು ಅಷ್ಟು ಹೊತ್ತಿಗೆ ಅವಳ ತೊಡೆ ಏರಿ, ಅವಳ ತಲೆವಸ್ತ್ರದ ಪಿನ್ನು ಕೀಳುತ್ತಾ, ಎಣ್ಣೆ ಕೈಯಲ್ಲಿ ವಡೆ ತಿನ್ನುತ್ತಿತ್ತು.

ನಾನು ನಕ್ಕೆ. ಅದು ನಿಮಗೆ ತಿಳಿಯಲಿ. ಅಳು ಬರಲಿಲ್ಲ, ಕೋಪವೂ ಬರಲಿಲ್ಲ. ನಾಲ್ಕು ವರ್ಷ ನಿಮ್ಮನ್ನು ಹೇಡಿ ಎಂದುಕೊಂಡಿದ್ದೆ. ಹೆರಿಗೆ ಕೋಣೆಯಲ್ಲಿ ಮಗುವಿನ ಅಂಗೈ ಬಿಡಿಸಿ, ಅಡ್ಡಗೆರೆ ಒಂದೇ ಇರುವುದನ್ನು ನೋಡಿ, ನರ್ಸಿಗಿಂತ ಮೊದಲೇ ಅರ್ಥ ಮಾಡಿಕೊಂಡು, ಒಂದು ಮಾತೂ ಆಡದೆ ಕೈ ತೊಳೆಯಲು ಹೋದವರು ನೀವು. ಏಳನೆಯ ದಿನದ ಸುಬೂಅ ಶಾಸ್ತ್ರಕ್ಕೆ ನೆಂಟರು ಬರುವುದು ಬೇಡ ಎಂದು ಎಲ್ಲರಿಗೂ ಫೋನ್ ಮಾಡಿದಿರಿ. ಮಗುವನ್ನು ಜರಡಿಯಲ್ಲಿ ಮಲಗಿಸಿ, ಒರಳು ಕುಟ್ಟಿ ಸದ್ದು ಮಾಡಿ, ಮಕ್ಕಳ ಕೈಗೆ ಮೇಣದಬತ್ತಿ ಕೊಟ್ಟು ಮೆರವಣಿಗೆ ಮಾಡುವ ದಿನ ನೀವು ಸೂಟ್‌ಕೇಸ್ ಹಿಡಿದು ಹೊರಟಿರಿ. ಹೇಡಿಗೆ ಭಯ ಇರುತ್ತದೆ, ಭಯಪಟ್ಟವರ ಮೇಲೆ ಒಂದಿಷ್ಟು ಕರುಣೆಯಾದರೂ ಉಳಿಯುತ್ತದೆ. ಆ ಕರುಣೆಯನ್ನು ನಾನು ಬಚ್ಚಿಟ್ಟುಕೊಂಡಿದ್ದೆ, ಈಗ ಹೇಳಬಹುದು. ಆದರೆ ನೀವು ಓಡಿ ಹೋಗಿ ಸುಮ್ಮನಿರಲಿಲ್ಲ. ಬದುಕಿರುವ ಮಗಳನ್ನು ಮಣ್ಣು ಮಾಡಿ, ಆ ಗೋರಿಯ ಮೇಲೆ ಮೈಕ್ ಇಟ್ಟುಕೊಂಡಿರಿ.

ನಮ್ಮ ಬೀದಿಯ ಕೊನೆಯಲ್ಲಿ ಬಖೀತನ ತಾಯಿ ಇದ್ದಾಳೆ. ಅವಳ ದೊಡ್ಡ ಹುಡುಗನಿಗೆ ಕಾಲು ಬಾರದು, ಬಾಯಿ ಬಾರದು. ಯಾರಾದರೂ ಬಂದರೆ ಹಿಂದಿನ ಕೋಣೆಗೆ ಹಾಕಿ ಬಾಗಿಲು ಎಳೆಯುತ್ತಾಳೆ. ಆರೋಗ್ಯ ಘಟಕದ ಗೋಡೆಯ ಮೇಲೆ ನಿಮ್ಮ ಕೇಂದ್ರದವರು ಅಂಥವರಿಗಾಗಿಯೇ ಚಿತ್ರ ಅಂಟಿಸಿದ್ದಾರೆ, ಮಗುವನ್ನು ಮುಚ್ಚಿಡಬೇಡಿ, ಇದರಲ್ಲಿ ನಾಚಿಕೆಯಿಲ್ಲ ಎಂದು. ಕೆಳಗೆ ನಿಮ್ಮ ಹೆಸರಿದೆ. ನಮ್ಮ ದಕ್ಷಿಣ ಈಜಿಪ್ಟಿನ ಓದಿಲ್ಲದ ಜನ ಅಂಗವಿಕಲ ಮಕ್ಕಳನ್ನು ಅಡಗಿಸುವುದರಿಂದ ನಿಮ್ಮ ಎಣಿಕೆ ಸರಿಬರುವುದಿಲ್ಲ ಎಂದು ಟೀವಿಯಲ್ಲಿ ಹೇಳಿದ್ದನ್ನೂ ಕೇಳಿದ್ದೇನೆ. ಬಖೀತನ ತಾಯಿ ಹಿಂದಿನ ಕೋಣೆಗೆ ಹೋಗಿ ಮಗನಿಗೆ ತುತ್ತು ಕೊಡುತ್ತಾಳೆ, ಬೆನ್ನಿಗೆ ಎಣ್ಣೆ ಹಚ್ಚುತ್ತಾಳೆ. ಅವಳ ಮುಂದೆ ನಿಂತು ಆ ಚಿತ್ರದ ಮಾತು ಹೇಳಲು ನಿಮಗೆ ಬಾಯಿ ಇದೆಯೇ?

ನೆಸ್ಮಾ ಟ್ಯಾಬನ್ನು ಮಡಿಲಲ್ಲಿ ಕವುಚಿ ಹಾಕಿ ಕೂತಳು. "ಮೇಡಂ, ಇದನ್ನ ಬರೀಲೋ ಬೇಡವೋ? ಬರೆದ್ರೆ ಸಂಜೆಗೆ ಅಲ್ಲಿ ಕಾಣುತ್ತೆ. ನನ್ನ ಕೆಲಸ ಹೋಗುತ್ತೆ," ಎಂದಳು. ಬರಿ ಎನ್ನುವ ಹಕ್ಕು ನನಗಿರಲಿಲ್ಲ. ಬೇರೆಯವರ ಮನೆಯ ಹುಡುಗಿಯ ಅನ್ನ ಅದು. ಅಷ್ಟರವರೆಗೆ ಆ ಹಿರಿಯರು ಗೋಡೆಗೆ ಒರಗಿ ಬೆಂಡೆಕಾಯಿ ತೊಟ್ಟು ಬಿಡಿಸುತ್ತಾ ಕೂತಿದ್ದರು. ತರಬೇತಿಯ ಕಥೆ ಶುರುವಾದಾಗಲೇ ಅವರ ಚಾಕು ನಿಂತಿತ್ತು. ನಾನು ಗಮನಿಸಿದ್ದು ಈಗ.

"ಹತ್ರ ಬಾ ಮಗಳೇ," ಎಂದರು ನೆಸ್ಮಾಗೆ. "ಆ ಹಲಗೆ ನೆಟ್ಟಗಿಟ್ಕೋ. ಅಪ್ಪನ ಹೆಸರು ಬರಿ. ಬದುಕಿದಾನೆ ಅಂತ ಕೇಳ್ತಾರಾ ಅದರಲ್ಲಿ?"

"ಕೇಳ್ತಾರೆ ಅಜ್ಜಿ."

"ಬದುಕಿದಾನೆ ಅಂತ ಬರಿ. ಹುಡುಗೀದೂ ಬರಿ, ಬದುಕಿದಾಳೆ ಅಂತ. ಸತ್ತೋರ ಲೆಕ್ಕದಲ್ಲಿ ಇಷ್ಟು ದಿನ ಇದ್ದಿದ್ದು ಸಾಕು. ಯಾರಾದ್ರೂ ನಿನ್ನ ಮೇಲೆ ಕೂಗಾಡಿದ್ರೆ ಮಲ್ಲವಿಗೆ ಹೋಗಿ ಒಬ್ಬ ಮುದುಕೀನ ಕೇಳಿ ಅಂತ ಹೇಳು."

ನೆಸ್ಮಾ ಬರೆದಳು. ಕಣ್ಣು ಒರೆಸಿಕೊಂಡು, ಎಣ್ಣೆಯಾದ ತಲೆವಸ್ತ್ರ ಸರಿಮಾಡಿಕೊಂಡು, ಯುಸ್ತೀನಾಳ ಎತ್ತರ, ತೂಕ, ತಲೆಯ ಸುತ್ತಳತೆ ಎಲ್ಲವನ್ನೂ ನಿಮ್ಮ ನಿಯಮದ ಪ್ರಕಾರ ಅಳೆದುಕೊಂಡು ಹೋದಳು. ಟೀ ಗ್ಲಾಸಿನ ಘನವನ್ನು ತೊಳೆದು ಒರೆಸಿ ಚೀಲಕ್ಕೆ ಹಾಕಿಕೊಂಡಳು.

ಹಿರಿಯರು ಬೆಂಡೆಕಾಯಿ ಪೂರ್ತಿ ಬಿಡಿಸಿದರು. ಆ ದಿನ ಊಟ ಮಾಡಲಿಲ್ಲ.

ನೀವು ಫೋನಿನಲ್ಲಿ ಒಂದು ಸಂಗತಿ ಹೇಳಲಿಲ್ಲ, ನನಗೆ ಗೊತ್ತಿಲ್ಲ ಎಂದುಕೊಂಡಿರಿ. ನಿಮ್ಮ ಅಧ್ಯಯನದಲ್ಲಿ ತೊಂದರೆ ಕಂಡುಬಂದ ಮಕ್ಕಳಿಗೆ ಮಿನ್ಯಾದ ತರಬೇತಿ ಕೇಂದ್ರದಲ್ಲಿ ಜಾಗ ಕೊಡುತ್ತಾರೆ. ಲೆಕ್ಕದಿಂದ ಹೆಸರು ತೆಗೆದರೆ ಆ ಜಾಗವೂ ಹೋಗುತ್ತದೆ. ಅಲ್ಲಿಯ ಮೇಡಂ ನನಗೆ ಮೊದಲ ದಿನವೇ ಹೇಳಿದ್ದಾರೆ. ಹೊರಗಿನವರು ಹೆಸರು ಬರೆಸಿ ಕಾಯುತ್ತಾರಂತೆ, ಕಾಯುತ್ತಾ ಮಕ್ಕಳು ಬೆಳೆದುಬಿಡುತ್ತವಂತೆ. ಯುಸ್ತೀನಾ ಈ ತಿಂಗಳಿಂದ ಮೈಕ್ರೊಬಸ್ಸಿನಲ್ಲಿ ಅಲ್ಲಿಗೆ ಹೋಗುತ್ತಿದ್ದಾಳೆ. ಕೈಕೆಲಸ ಕಲಿಸಲು ಒಬ್ಬರು, ಮಾತು ಕಲಿಸಲು ಒಬ್ಬರು. ಮೊನ್ನೆ ಕನ್ನಡಿಯ ಮುಂದೆ ತುಟಿ ಮುಚ್ಚಿ ತೆರೆದು 'ಬ' ಎಂದಳು. ಮಾತು ಕಲಿಸುವ ಹುಡುಗಿಗೆ ಖುಷಿಯೋ ಖುಷಿ. "ಇನ್ನು 'ಬಾಬಾ' ಹೇಳಿಸೋದು ಸುಲಭ. ಅಪ್ಪನ್ನ ಕರೆದರೆ ಎಷ್ಟು ಚಂದ ಅಲ್ವಾ?" ಎಂದಳು. ಬೇರೆ ಪದ ಆರಿಸಿ ಎಂದೆ. ಈಗ ಬಾತುಕೋಳಿಗೆ ಅನ್ನುವ 'ಬತ್ತಾ' ಕಲಿಸುತ್ತಿದ್ದಾರೆ. ಬಾತುಕೋಳಿ ನಮ್ಮ ಅಟ್ಟದ ಮೇಲೆ ಇದೆ, ಕರೆದರೆ ಬರುತ್ತದೆ.

ಆ ಜಾಗವನ್ನು ಕಿತ್ತುಕೊಳ್ಳಲು ನೀವು ನನ್ನಿಂದಲೇ ಎರಡು ಸಾಲು ಕೇಳಿದಿರಿ. ಅಧ್ಯಯನದ ಶುದ್ಧಿಯ ಹೆಸರಿನಲ್ಲಿ. ಸಂಬಂಧಿಕರು ಲೆಕ್ಕದಲ್ಲಿರಬಾರದು ಎಂಬುದು ನಿಜವಾದ ನಿಯಮವೇ ಇರಬಹುದು. ಹಾಗಿದ್ದರೆ ನಿಮ್ಮ ಮೇಲಿನವರಿಗೆ ನೀವೇ ಬರೆಯಿರಿ, ಇವಳು ನನ್ನ ಮಗಳು, ಬದುಕಿದ್ದಾಳೆ, ಆದ್ದರಿಂದ ತೆಗೆಯಿರಿ ಎಂದು. ಆ ವಾಕ್ಯ ನಿಮ್ಮ ಕೈಯಿಂದ ಬಂದರೆ ನಾನು ಮಿನ್ಯಾದ ಜಾಗವನ್ನು ಬಿಟ್ಟು ಎಲ್ಲಿಯಾದರೂ ಸಾಲಿನಲ್ಲಿ ನಿಂತೇನು. ಅದು ಬರುವುದಿಲ್ಲ, ನನಗೆ ಗೊತ್ತು. ನೀವು ಬಯಸುವುದು ಒಬ್ಬ ತಾಯಿ ತಾನಾಗಿಯೇ ಮನಸ್ಸು ಬದಲಿಸಿದಳು ಎಂಬ ಕಥೆಯನ್ನು. ಕಥೆ ಕಟ್ಟುವುದರಲ್ಲಿ ನಿಮಗೆ ಪಳಗಿದ ಕೈ. ಇದೊಂದನ್ನು ನನ್ನ ಹೆಸರಿನಲ್ಲಿ ಕಟ್ಟಬೇಡಿ.

ನೆಸ್ಮಾಳ ಬಗ್ಗೆ "ಆ ಹುಡುಗಿ ಮಾಡಿದ ಎಡವಟ್ಟು" ಎಂದಿರಿ. ಅವಳನ್ನು ಕೆಲಸದಿಂದ ತೆಗೆದ ಸುದ್ದಿ ನನ್ನ ಕಿವಿಗೆ ಬಿದ್ದರೆ, ಮುಂದಿನ ತಿಂಗಳು ಕೈರೋದಲ್ಲಿ ವಿದೇಶದವರನ್ನೆಲ್ಲ ಕರೆದು ನೀವು ನಡೆಸುವ ಸಭೆಗೆ ನಾನು ಬರುತ್ತೇನೆ. ಮಾತಾಡುವುದಿಲ್ಲ, ಹೆದರಬೇಡಿ. ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ಆದರೆ ಯುಸ್ತೀನಾಳನ್ನು ಕೂರಿಸುವುದು ನನ್ನ ಕೈಲಾಗದ ಕೆಲಸ. ಅವಳಿಗೆ ಮೈಕ್ ಎಂದರೆ ಪ್ರಾಣ. ಚರ್ಚಿನಲ್ಲಿ ಪಾದ್ರಿಯ ಕೈಯಿಂದಲೇ ಕಿತ್ತುಕೊಂಡವಳು.

ಒಪ್ಪಿಗೆಯನ್ನು ನಾನು ಹಿಂದೆಗೆದುಕೊಳ್ಳುವುದಿಲ್ಲ. ನಿಜ ಹೇಳಬೇಕೆಂದರೆ, ಹಿಂದೆಗೆದುಕೊಳ್ಳುವ ಅಧಿಕಾರವೂ ನನಗಿಲ್ಲ.

ಇನ್ನು ಹೇಳಲು ಏನೂ ಉಳಿದಿಲ್ಲದ,
ಯುಸ್ತೀನಾಳ ತಾಯಿ
ಇರೀನಿ

ಮರೆತ ಮಾತು: ಅಧಿಕಾರ ನನಗಿಲ್ಲ ಎಂದದ್ದು ಯಾಕೆಂದರೆ, ಒಪ್ಪಿಗೆ ಕೊಟ್ಟವಳು ನಾನಲ್ಲ. ಕೆಲಸ ಬೇಗ ಸಾಗಲಿ ಎಂದು ನೀವೇ ಮಾಡಿದ ನಿಯಮವಂತೆ: ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರು ಒಪ್ಪಿದರೆ ಸಾಕು, ಹಿಂದೆಗೆದುಕೊಳ್ಳಬೇಕಾದರೂ ಅವರೇ ಬಾಯಿಬಿಟ್ಟು ಹೇಳಬೇಕು. ಒಪ್ಪಿದವರು ನಿಮ್ಮ ತಾಯಿ. ನೀವು ಅಂದುಕೊಂಡ ಹಾಗೆ ಅವರು ಅಲೆಕ್ಸಾಂಡ್ರಿಯಾದಲ್ಲಿ ತಮ್ಮ ತಂಗಿಯ ಮನೆಯಲ್ಲಿಲ್ಲ. ಬೇಸಿಗೆ ಮುಗಿಯುವಾಗ ಒಂದು ದಿನ ಹಾಸಿಗೆ ಸುರುಳಿ ಸುತ್ತಿಕೊಂಡು ಇಲ್ಲಿಗೆ ಬಂದರು, "ಮೊಮ್ಮಗಳನ್ನ ನೋಡದೇ ಸಾಯೋಕೆ ನಂಗಿಷ್ಟ ಇಲ್ಲ" ಎಂದು, ಮತ್ತೆ ಹೋಗಲಿಲ್ಲ. ಪ್ರತಿ ಶುಕ್ರವಾರ ನೀವು ಅವರ ಮೊಬೈಲಿಗೆ ಮಾಡುವ ಫೋನು ನನ್ನ ಅಡುಗೆಮನೆಯಲ್ಲಿ ಮೊಳಗುತ್ತದೆ, ಯುಸ್ತೀನಾ ಗಲಾಟೆ ಮಾಡದಿರಲಿ ಎಂದು ನಾನು ಅವಳನ್ನು ಅಟ್ಟಕ್ಕೆ ಕರೆದೊಯ್ಯುತ್ತೇನೆ. ನೆಸ್ಮಾ ನಿಮ್ಮ ತರಬೇತಿಯ ಕಥೆ ಹೇಳಿದಾಗ ಗೋಡೆಗೆ ಒರಗಿ ಬೆಂಡೆಕಾಯಿ ಬಿಡಿಸುತ್ತಿದ್ದವರು ಅವರು. ಇದನ್ನು ನಿಮಗೆ ತಿಳಿಸುವುದು ಬೇಡ ಎಂದು ನಾನು ಪತ್ರ ಮುಗಿಸಿದ್ದೆ. ಅವರು ಪತ್ರ ಓದಿಸಿ ಕೇಳಿಕೊಂಡು, "ನಾನ್ಯಾರು ಅಂತಾನೂ ಬರಿ" ಎಂದರು. ಯುಸ್ತೀನಾಳ ಹೆಸರು ತೆಗೆಸಬೇಕಿದ್ದರೆ ನೀವೇ ಬಂದು ಅವರನ್ನು ಕೇಳಿ. ಮಧ್ಯಾಹ್ನದ ಊಟವಾದ ಮೇಲೆ ಮಾತ್ರ ಬರಬೇಡಿ; ಆ ಹೊತ್ತಿನಲ್ಲಿ ಅಜ್ಜಿ ಮೊಮ್ಮಗಳು ಒಂದೇ ಚಾಪೆಯ ಮೇಲೆ ಮಲಗಿರುತ್ತಾರೆ.